ತೋಟದ ಮನೆಯಲ್ಲಿ ನಾಯಿ ಬೋರ್ಡಿಂಗ್: ಮನೆಮಂದಿ ಸೇರಿ ನಡೆಸೋದು ಹೇಗೆ, ಕೋಲಿಲ್ಲದೆ ಕಲಿಸೋದು ಹೇಗೆ?

ದಸರಾ ರಜೆ, ದೀಪಾವಳಿ, ಡಿಸೆಂಬರ್ ಕೊನೆಯ ವಾರ, ಬೇಸಿಗೆ ರಜೆ. ಈ ನಾಲ್ಕು ಹೊತ್ತಿನಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ಮಾತು: "ಊರಿಗೇನೋ ಹೋಗೋಣ, ನಾಯೀನ ಯಾರ ಹತ್ರ ಬಿಡೋದು?" ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿಕೊಂಡಿರೋದೇ ನಾಯಿ ಬೋರ್ಡಿಂಗ್. ಮಾಲೀಕರು ವಾಪಸ್ ಬರೋವರೆಗೆ ದಿನಕ್ಕಿಷ್ಟು ಅಂತ ದುಡ್ಡು ತಗೊಂಡು ಅವರ ನಾಯಿಯನ್ನು ನೋಡಿಕೊಳ್ಳುವ ಕೆಲಸ.

ಊರಿಂದ ಒಂದೂವರೆ ಗಂಟೆ ದೂರದಲ್ಲಿ ತೋಟ, ಮನೆ, ನೆರಳು, ನೀರು, ಸದಾ ಮನೆಯಲ್ಲಿ ಇಬ್ಬರು ಮೂವರು ಇರುವ ಕುಟುಂಬಕ್ಕೆ ಇದು ಹೊಂದುವ ಉಪಕಸುಬು. ನಾವು ಮಾಗಡಿ ಕಡೆಯ ನಮ್ಮ ಹೊಲದಲ್ಲಿ ಮೂರು ವರ್ಷದಿಂದ ಇದನ್ನು ಮಾಡ್ತಿದ್ದೀವಿ. ರಾಗಿ, ಅವರೆ, ಎರಡು ಹಸು, ಅದರ ಜೊತೆಗೆ ಇದು. ಏನು ಸರಿ ಹೋಯ್ತು, ಎಲ್ಲಿ ಎಡವಿದ್ವಿ, ಎರಡನ್ನೂ ಈ ವಾರ ಹೇಳ್ತೀನಿ.

ಮೊದಲು ನಮ್ಮ ನಾಯಿಯ ಕಥೆ

ಬೋರ್ಡಿಂಗ್ ಶುರು ಮಾಡೋಕೆ ಮುಂಚೆ ನಮ್ಮನೇಲಿ ಒಂದು ನಾಡನಾಯಿ ಇತ್ತು. ಕರಿಯ ಅಂತ. ಹಗಲೆಲ್ಲ ಚೈನಿನಲ್ಲಿ, ರಾತ್ರಿ ಬಿಡೋದು. ಊಟ ಮಾಡುವಾಗ ಯಾರಾದ್ರೂ ಹತ್ರ ಹೋದ್ರೆ ಗುರ್ ಅಂತಿತ್ತು. ಅಪ್ಪ ಕೋಲು ತಗೊಂಡು ಒಂದು ಬಿಗೀತಿದ್ರು. ಐದಾರು ಸಲ ಏಟು ಬಿದ್ದ ಮೇಲೆ ಗುರ್ ಅನ್ನೋದು ನಿಲ್ತು. "ನೋಡು, ಬುದ್ಧಿ ಬಂತು" ಅಂದ್ರು ಅಪ್ಪ.

ಎರಡು ತಿಂಗಳಾದ ಮೇಲೆ ಅಕ್ಕನ ಮಗ ತಟ್ಟೆ ಪಕ್ಕ ಬಿದ್ದಿದ್ದ ಚೆಂಡು ಎತ್ತೋಕೆ ಬಗ್ಗಿದ. ಕರಿಯ ಸದ್ದೇ ಮಾಡದೆ ಮುಂಗೈ ಕಚ್ಚಿಬಿಡ್ತು. ಆಸ್ಪತ್ರೆ, ಹೊಲಿಗೆ, ರೇಬೀಸ್ ಲಸಿಕೆಯ ಪೂರ್ತಿ ಕೋರ್ಸ್. ಮಗು ಆಮೇಲೆ ಬಹಳ ದಿನ ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ.

ಆಗ ನಮ್ಮ ಪಶುವೈದ್ಯರು ಹೇಳಿದ ಮಾತು ಈಗಲೂ ನೆನಪಿದೆ. ಗುರ್ ಅನ್ನೋದು ನಾಯಿಯ ಎಚ್ಚರಿಕೆ ಗಂಟೆ. ನೀವು ಹೊಡೆದು ಗಂಟೆಯನ್ನು ಕಿತ್ತು ಹಾಕಿದ್ರಿ, ಒಳಗಿನ ಭಯ ಹಾಗೇ ಉಳೀತು. ಭಯ ಇದ್ದು ಎಚ್ಚರಿಕೆ ಇಲ್ಲದ ನಾಯಿ, ಗುರ್ ಅನ್ನೋ ನಾಯಿಗಿಂತ ಅಪಾಯ.

ಕೋಲು ಬಿಟ್ಟು ಕಲಿಸುವ ದಾರಿ ಹುಡುಕಿದ್ದು ಅಲ್ಲಿಂದ. ಬೇರೆಯವರ ನಾಯಿಗಳನ್ನು ಮನೆಗೆ ತರುವ ಯೋಚನೆ ಬಂದದ್ದು ಅದಾದ ಎಷ್ಟೋ ದಿನಕ್ಕೆ.

ಪಾಸಿಟಿವ್ ತರಬೇತಿ ಅಂದ್ರೆ ಏನು?

ಸೂತ್ರ ಸರಳ. ಯಾವ ಕೆಲಸಕ್ಕೆ ಒಳ್ಳೆ ಫಲ ಸಿಗುತ್ತೋ ಅದನ್ನು ಪ್ರಾಣಿ ಮತ್ತೆ ಮಾಡುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇದನ್ನು ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ವಿವರಿಸಿದರು. ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕರೆನ್ ಪ್ರಯರ್ ಅದೇ ವಿಧಾನವನ್ನು ನಾಯಿ ಸಾಕುವವರಿಗೆ ಪರಿಚಯಿಸಿದರು. ನೀರಲ್ಲಿರುವ ಡಾಲ್ಫಿನ್‌ಗೆ ಹೊಡೆಯೋಕೂ ಆಗಲ್ಲ, ಚೈನು ಹಾಕೋಕೂ ಆಗಲ್ಲ. ಸೀಟಿ ಮತ್ತು ಮೀನು ಇಷ್ಟೇ ಅಲ್ಲಿನ ಸಾಧನ. ನಾಯಿಗೂ ಅಷ್ಟೇ ಸಾಕು: ಒಂದು ಸದ್ದು, ಒಂದು ತಿನಿಸು.

ಯೂಟ್ಯೂಬಿನಲ್ಲಿ "ನೀವು ಆಲ್ಫಾ ಆಗಿ, ನಾಯೀನ ಮಲಗಿಸಿ ಅದುಮಿ ಹಿಡೀರಿ" ಅನ್ನೋ ವಿಡಿಯೋಗಳು ಸಿಗ್ತವೆ. ನಂಬಬೇಡಿ. ತೋಳಗಳಲ್ಲಿ ಜಗಳವಾಡಿ ಗೆದ್ದದ್ದೇ ನಾಯಕ ಅನ್ನೋ ಕಲ್ಪನೆ ಬಂದದ್ದು ಬೋನಿನಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ. 1970ರ ತಮ್ಮ ಪುಸ್ತಕದಲ್ಲಿ ಈ ವಿಚಾರ ಬರೆದಿದ್ದ ತೋಳತಜ್ಞ ಡೇವಿಡ್ ಮೆಕ್, ಆಮೇಲೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ ತಾವೇ ತಿದ್ದಿದರು. ಕಾಡಿನ ಗುಂಪು ಅಂದ್ರೆ ಅಪ್ಪ, ಅಮ್ಮ, ಮರಿಗಳ ಒಂದು ಸಂಸಾರ ಅಷ್ಟೇ. ಆ ಹಳೆಯ ಪುಸ್ತಕ ಮುದ್ರಿಸುವುದನ್ನು ನಿಲ್ಲಿಸಿ ಅಂತ ಪ್ರಕಾಶಕರನ್ನೂ ಕೇಳಿಕೊಂಡರು.

ಹಾಗಂತ ಪಾಸಿಟಿವ್ ಅಂದ್ರೆ ನಾಯಿ ಹೇಳಿದ್ದಕ್ಕೆಲ್ಲ ಹೂಂ ಅನ್ನೋದು ಅಂತ ತಿಳೀಬೇಡಿ. ಮೈಮೇಲೆ ಹಾರಿದ್ರೆ ಗಮನ ಕೊಡಲ್ಲ, ತಿರುಗಿ ನಿಲ್ತೀವಿ. ನಾಲ್ಕು ಕಾಲು ನೆಲಕ್ಕೆ ಬಂದ ಕ್ಷಣ ತಿನಿಸು. ಕೋಳಿ ಹಿಂದೆ ಓಡುತ್ತೆ ಅಂದ್ರೆ ಕಲಿಯೋವರೆಗೆ ಕೋಳಿ ಇರುವ ಕಡೆ ಬಿಡೋದೇ ಇಲ್ಲ. ತಪ್ಪು ಮಾಡುವ ಅವಕಾಶ ತಪ್ಪಿಸೋದು ಅರ್ಧ ತರಬೇತಿ.

ನಾಲ್ಕು ನಿಯಮ ನೆನಪಿಡಿ:

1. ಸರಿ ಮಾಡಿದ ಒಂದೆರಡು ಸೆಕೆಂಡಿನೊಳಗೆ ಫಲ ಸಿಗಬೇಕು. ತಡವಾದ್ರೆ ಯಾವುದಕ್ಕೆ ಸಿಕ್ತು ಅಂತ ನಾಯಿಗೆ ಗೊತ್ತಾಗಲ್ಲ. ಅದಕ್ಕೇ "ಶಭಾಷ್" ಥರ ಒಂದು ಪದ ಇಟ್ಟುಕೊಳ್ಳಿ. ಮೊದಲ ಎರಡು ದಿನ ಶಭಾಷ್ ಅನ್ನಿ, ತಿನಿಸು ಕೊಡಿ. ಅಷ್ಟೇ. ಆಮೇಲೆ ಆ ಪದವೇ "ಇದೇ ಸರಿ" ಅನ್ನೋ ಗುರುತಾಗುತ್ತೆ.
2. ತಿನಿಸು ಬಟಾಣಿ ಕಾಳಿನಷ್ಟೇ ಇರಲಿ. ಉಪ್ಪಿಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಪನೀರ್, ಗೆಣಸು ಸಾಕು. ಅಷ್ಟನ್ನು ದಿನದ ಊಟದಲ್ಲಿ ಕಮ್ಮಿ ಮಾಡಿ.
3. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ. ದಿನಕ್ಕೆ ಮೂರು ಸಲ. ಅರ್ಧ ಗಂಟೆ ಎಳೆದಾಡಿದ್ರೆ ಇಬ್ಬರಿಗೂ ಸಾಕಾಗುತ್ತೆ.
4. ಮನೆಯವರೆಲ್ಲರ ಬಾಯಲ್ಲೂ ಒಂದೇ ಪದ. ನಮ್ಮನೇಲಿ ಅಜ್ಜಿ "ಕೂತ್ಕೋ" ಅಂತಿದ್ರು, ತಮ್ಮ "ಸಿಟ್" ಅಂತಿದ್ದ, ಅಪ್ಪ ಬರೀ ಬೆರಳು ತೋರಿಸ್ತಿದ್ರು. ನಾಯಿ ಮೂವರನ್ನೂ ಪಿಳಿಪಿಳಿ ನೋಡ್ತಿತ್ತು. ಈಗ ಅಡುಗೆಮನೆ ಗೋಡೆಗೆ ಪದಗಳ ಪಟ್ಟಿ ಅಂಟಿಸಿದ್ದೀವಿ. ಅತಿಥಿ ನಾಯಿ ಬಂದರೆ ಅವರ ಮನೆಯ ಪದಗಳನ್ನೇ ಕೇಳಿ ಬರೆದುಕೊಳ್ತೀವಿ.

"ಬಾ" ಕಲಿಸುವ ಕ್ರಮ

ಹೊಲದಲ್ಲಿ ನಾಯಿ ಇಟ್ಟುಕೊಳ್ಳೋರಿಗೆ ಎಲ್ಲಕ್ಕಿಂತ ಮುಖ್ಯ ಪದ ಇದು. ಹಾವಿನ ಕಡೆ ಹೋಗ್ತಿದೆ, ರಸ್ತೆ ಕಡೆ ಓಡ್ತಿದೆ ಅಂದಾಗ ಜೀವ ಉಳಿಸೋದು ಇದೇ.

ಮೊದಲ ಹಂತ ಕೋಣೆಯೊಳಗೆ. ಎರಡು ಹೆಜ್ಜೆ ದೂರ ನಿಂತು ಒಂದೇ ಸಲ "ಬಾ" ಅನ್ನಿ. ನಿಮ್ಮ ಕಡೆ ತಿರುಗಿದ ತಕ್ಷಣ "ಶಭಾಷ್", ಹತ್ರ ಬಂದಾಗ ತಿನಿಸು. ಹತ್ತರಲ್ಲಿ ಒಂಬತ್ತು ಸಲ ಬಂದ ಮೇಲೆ ಅಂಗಳಕ್ಕೆ ಹೋಗಿ. ಅಲ್ಲಿ ಸುಮಾರು 10 ಮೀಟರ್ ಉದ್ದದ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ ಸಡಿಲ ಬಿಡಿ. ಎಳೀಬೇಡಿ, ಅದು ಓಡಿಹೋಗದಿರಲಿ ಅಂತ ಮಾತ್ರ. ಬರದಿದ್ರೆ "ಬಾ ಬಾ ಬಾ" ಅಂತ ಕೂಗ್ತಾ ನಿಲ್ಲಬೇಡಿ. ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ, ನಾಯಿ ಹಿಂದೆ ಬರುತ್ತೆ. ಅದಾದ ಮೇಲೆ ಹಸು, ಕೋಳಿ ದೂರದಲ್ಲಿ ಕಾಣೋ ಹಾಗೆ ಅಭ್ಯಾಸ. ದಿನಕ್ಕಿಷ್ಟು ಹತ್ತಿರ.

ಬಂದ ನಾಯಿಗೆ ಯಾವತ್ತೂ ಬೈಬೇಡಿ. ಅರ್ಧ ಗಂಟೆ ಸತಾಯಿಸಿ ಬಂದಿದ್ರೂ ಸರಿ. ಅದರ ಲೆಕ್ಕದಲ್ಲಿ ಏಟು ಬಿದ್ದದ್ದು ಓಡಿದ್ದಕ್ಕೆ ಅಲ್ಲ, ಬಂದದ್ದಕ್ಕೆ.

ದೀಪಾವಳಿಯ ಆ ರಾತ್ರಿ

ಮೊದಲ ವರ್ಷದ ದೀಪಾವಳಿಗೆ ನಾಲ್ಕು ನಾಯಿ ಒಪ್ಪಿಕೊಂಡಿದ್ವಿ. ಅದರಲ್ಲಿ ಒಂದು ನಾಲ್ಕು ವರ್ಷದ ಹೆಣ್ಣು ಲ್ಯಾಬ್ರಡಾರ್. ಸಂಜೆ ಏಳೂವರೆಗೆ ರಸ್ತೆಯಲ್ಲಿ ಯಾರೋ ಹುಡುಗರು ದೊಡ್ಡ ಪಟಾಕಿ ಹೊಡೆದ್ರು. ಅದು ಗೇಟಿನ ಕೆಳಗಿನ ಸಂದಿಯಲ್ಲಿ ನುಸುಳಿತು. ತಮ್ಮ ಬೆಲ್ಟ್ ಹಿಡಿದ, ಬೆಲ್ಟ್ ಕೈಯಲ್ಲೇ ಉಳೀತು. ನಾಯಿ ಕತ್ತಲಲ್ಲಿ ಹೋಯ್ತು.

ನಮ್ಮ ಕಡೆ ಚಿರತೆ ಓಡಾಟ ಇದೆ. ಟಾರ್ಚ್ ಹಿಡಿದು ಹನ್ನೊಂದರವರೆಗೆ ಹುಡುಕಿದ್ವಿ. "ಬೆಳಗ್ಗೆವರೆಗೆ ನೋಡೋಣ, ಈಗಲೇ ಅವರಿಗೆ ಹೇಳಬೇಡ" ಅಂದ್ರು ಅಪ್ಪ. ಹಬ್ಬದ ದಿನ ಅವರ ನೆಮ್ಮದಿ ಯಾಕೆ ಕೆಡಿಸೋದು ಅನ್ನೋದು ಅವರ ಮಾತು. ನಾನು ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ "ಬೆಲ್ಟಲ್ಲಿ ನಮ್ಮ ನಂಬರ್ ಇದೆಯಲ್ಲ" ಅಂದ್ರು. ಆ ಬೆಲ್ಟ್ ನನ್ನ ಕೈಯಲ್ಲಿತ್ತು.

ಅವರು ಹಬ್ಬ ಬಿಟ್ಟು ರಾತ್ರೋರಾತ್ರಿ ಹೊರಟು ಬಂದ್ರು. ಅವರು ಕಳಿಸಿದ ಫೋಟೋವನ್ನು ಸುತ್ತಲಿನ ಊರುಗಳ ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಹಾಕಿದ್ವಿ. ಬೆಳಗ್ಗೆ ಆರಕ್ಕೆ ನಾಲ್ಕು ಕಿಲೋಮೀಟರ್ ಆಚೆಯ ಹಾಲಿನ ಡೇರಿಯಿಂದ ಫೋನ್ ಬಂತು. ಹಲಸಿನ ಮರದ ಬುಡದಲ್ಲಿ ನಡುಗ್ತಾ ಕೂತಿತ್ತು. ಪಾದ ಕಿತ್ತುಹೋಗಿತ್ತು, ಜೀವಕ್ಕೇನೂ ಆಗಿರಲಿಲ್ಲ.

ಅವರು ನಮಗೆ ಬೈಯಲಿಲ್ಲ. ಮತ್ತೆ ನಾಯಿ ಬಿಡಲೂ ಇಲ್ಲ. ಬಿಡಿ ಅಂತ ನಾವೂ ಕೇಳಲಿಲ್ಲ.

ಆ ರಾತ್ರಿಯಿಂದ ಬದಲಾದದ್ದು ಇಷ್ಟು: ಎರಡು ಗೇಟ್, ಒಂದು ಮುಚ್ಚದೆ ಇನ್ನೊಂದು ತೆರೆಯಲ್ಲ. ಕುತ್ತಿಗೆ ಬೆಲ್ಟ್ ಜೊತೆಗೆ ಎದೆಪಟ್ಟಿ, ಎರಡರಲ್ಲೂ ನಮ್ಮ ನಂಬರ್ ಮತ್ತು ಮಾಲೀಕರ ನಂಬರ್. ಹಬ್ಬದ ದಿನಗಳಲ್ಲಿ ಸಂಜೆ ಐದಕ್ಕೇ ಎಲ್ಲ ನಾಯಿ ಒಳಗೆ, ಕಿಟಕಿ ಮುಚ್ಚಿ, ಫ್ಯಾನ್ ಜೋರು, ರೇಡಿಯೋ ಹಾಕಿ, ಯಾರಾದರೊಬ್ಬರು ಜೊತೆಯಲ್ಲೇ. ಹೆದರಿದ ನಾಯಿಯನ್ನು ಸಮಾಧಾನ ಮಾಡಿದ್ರೆ ಭಯ ಜಾಸ್ತಿಯಾಗುತ್ತೆ ಅನ್ನೋದು ತಪ್ಪು ಕಲ್ಪನೆ. ಪಕ್ಕದಲ್ಲಿ ಕೂತ್ಕೊಳ್ಳಿ. ಪಟಾಕಿಗೆ ಬಹಳ ಹೆದರುವ ನಾಯಿಯಾದ್ರೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಮಾಲೀಕರು ಪಶುವೈದ್ಯರನ್ನು ಕಾಣಲಿ, ಅದಕ್ಕೆ ಔಷಧ ಇದೆ.

ಹೊಲದಲ್ಲಿರುವ ಅಪಾಯಗಳು

ಪೇಟೆ ಬೋರ್ಡಿಂಗ್‌ನವರಿಗೆ ಇಲ್ಲದ ಕೆಲವು ಅಪಾಯ ನಮಗಿವೆ. ನಾಯಿ ಬರೋಕೆ ಮುಂಚೆ ಹೊಲ ಒಂದು ಸುತ್ತು ಹಾಕಿ ಇವನ್ನು ನೋಡಿ.

ಹರಳು ಹಿಂಡಿ: ಗೊಬ್ಬರಕ್ಕೆ ತಂದಿಟ್ಟ ಹರಳು ಹಿಂಡಿಯ ವಾಸನೆ ನಾಯಿಗೆ ಬಹಳ ಇಷ್ಟ. ಅದರಲ್ಲಿರುವ ರಿಸಿನ್ ವಿಷ. ಮೂಳೆ ಪುಡಿ ಜೊತೆ ಬೆರೆಸಿ ಗಿಡದ ಬುಡಕ್ಕೆ ಹಾಕಿದ್ರೆ ಅಗೆದು ತಿನ್ನುತ್ತೆ. ಹಾಕಿದ ಕಡೆ ನಾಯಿ ಬಿಡಬೇಡಿ, ಮೂಟೆಗೆ ಬೀಗ ಹಾಕಿ.

ಇಲಿ ಪಾಷಾಣ, ಬಸವನಹುಳು ಮದ್ದು: ಎರಡೂ ನಾಯಿಗೆ ಮಾರಕ. ಪಾಷಾಣ ತಿಂದು ಸತ್ತ ಇಲಿಯನ್ನು ತಿಂದರೂ ಅಪಾಯ. ಬೋರ್ಡಿಂಗ್ ಮಾಡೋ ಜಾಗದಲ್ಲಿ ಇಲಿಗೆ ಬೋನು ಇಡಿ, ಮದ್ದು ಬೇಡ.

ಕೃಷಿ ಹೊಂಡ: ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದ ನಾಯಿ ಈಜುತ್ತೆ, ಆದ್ರೆ ಜಾರುವ ಹಾಳೆಯ ಮೇಲೆ ಹತ್ತಿ ಬರೋಕಾಗಲ್ಲ. ಸುತ್ತ ಬೇಲಿ ಬೇಕೇ ಬೇಕು. ಒಳಗೆ ಹಗ್ಗದ ಬಲೆ ಇಳಿಬಿಡಿ. ಇದು ಮಕ್ಕಳಿಗೂ ಒಳ್ಳೇದು.

ಉಣ್ಣೆ ಔಷಧ: ಹಸುವಿಗೆ ತಂದ ಉಣ್ಣೆ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಹಚ್ಚಬೇಡಿ. ಹಸುವಿನ ಐವರ್ಮೆಕ್ಟಿನ್ ಸೂಜಿಯಂತೂ ಕೋಲಿ ಜಾತಿಯ ನಾಯಿಗಳ ಪ್ರಾಣವನ್ನೇ ತೆಗೆಯಬಹುದು. ಇನ್ನೊಂದು, ರೇಷ್ಮೆ ಬೆಳೆಗಾರರು ಗಮನಿಸಿ: ನಾಯಿಗೆ ಹೊಡೆಯುವ ಉಣ್ಣೆ ಸ್ಪ್ರೇ, ಪುಡಿಗಳಲ್ಲಿ ಹಲವು ಕೀಟನಾಶಕಗಳೇ. ಅದೇ ಕೈಯಲ್ಲಿ ಹುಳು ಮನೆಗೆ ಹೋದ್ರೆ ಚಾಕಿ ಹುಳು ಉಳಿಯಲ್ಲ. ಹುಳು ಮನೆಯ ಪಕ್ಕದಲ್ಲೇ ಬೋರ್ಡಿಂಗ್ ಬೇಡ.

ಹಾವು ಮತ್ತು ಚಿರತೆ: ಹುಲ್ಲು ಸವರಿ, ಕಲ್ಲುರಾಶಿ ತೆಗೀರಿ. ಕತ್ತಲಾದ ಮೇಲೆ ಯಾವ ನಾಯಿಯೂ ಹೊರಗೆ ಮಲಗಬಾರದು.

ಬಿಸಿಲು: ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂತಿಯ ನಾಯಿಗಳು ಬಿಸಿ ತಡೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಾವು ಇವನ್ನು ಒಪ್ಪಿಕೊಳ್ಳಲ್ಲ.

ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ದೂರ ಇಡಿ. ಹಬ್ಬದ ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತೆ, ಅಜ್ಜಿಯರ ಪ್ರೀತಿ ನೋಡ್ಕೊಳ್ಳಿ!

ನಾಯಿಯಿಂದ ಹಸುವಿಗೂ ಸಮಸ್ಯೆ ಬರಬಹುದು. ನಾಯಿಯ ಹೇಲಿನ ಮೂಲಕ ಮೇವಿಗೆ ಸೇರುವ ನಿಯೋಸ್ಪೋರಾ ಅನ್ನೋ ಪರೋಪಜೀವಿ ಹಸುಗಳಲ್ಲಿ ಗರ್ಭಪಾತ ಮಾಡಿಸುತ್ತೆ. ಹೇಲನ್ನು ದಿನವೂ ಎತ್ತಿ ಹೂಳಿ, ಮೇವಿನ ಕಡೆ ನಾಯಿ ಸುಳಿಯದಿರಲಿ. ಹಸಿ ಮಾಂಸದ ಚೂರು, ಕರುಳು ಹಾಕಲೇಬೇಡಿ.

ಯಾವ ನಾಯಿ ಒಪ್ಪಬೇಕು, ಯಾವುದು ಬೇಡ?

ಲಸಿಕೆ ಪುಸ್ತಕ ಇಲ್ಲದ ನಾಯಿಗೆ ಒಳಗೆ ಬಿಡಬೇಡಿ, ನಿಮ್ಮ ನೆಂಟರದ್ದೇ ಆದ್ರೂ. ರೇಬೀಸ್ ಮತ್ತು ಪಾರ್ವೊ, ಡಿಸ್ಟೆಂಪರ್ ಸೇರಿದ ಲಸಿಕೆ ಚಾಲ್ತಿಯಲ್ಲಿರಬೇಕು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತೆ, ಒಂದು ಕಾಯಿಲೆ ಮರಿ ಬಂದು ಹೋದ್ರೆ ಇಡೀ ಹೊಲ ಕಲುಷಿತ. ಅದಕ್ಕೇ ಲಸಿಕೆ ಪೂರ್ತಿ ಆಗದ ಮರಿಗಳನ್ನು ನಾವು ತಗೊಳ್ಳಲ್ಲ.

ಬಿಡುವ ಮುಂಚೆ ಒಂದು ದಿನ ನಾಯಿ ಸಮೇತ ಮಾಲೀಕರು ಬಂದು ಹೋಗಲಿ. ನಾಯಿ ಹೇಗಿದೆ ಅಂತ ನಿಮಗೆ, ಜಾಗ ಹೇಗಿದೆ ಅಂತ ಅವರಿಗೆ ತಿಳಿಯುತ್ತೆ. ಮನುಷ್ಯರಿಗೆ ಕಚ್ಚಿದ ಇತಿಹಾಸ, ಬೆದೆ, ಔಷಧ, ಭಯ, ಏನು ತಿನ್ನುತ್ತೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಚಿಕಿತ್ಸೆಗೆ ಎಷ್ಟು ಖರ್ಚಿಗೆ ಒಪ್ಪಿಗೆ, ಇಷ್ಟನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ಊಟ ಬೇರೆ ಬೇರೆ ಜಾಗದಲ್ಲಿ ಕೊಡಿ. ಮೊದಲ ದಿನ ಊಟ ಬಿಡೋದು ಸಾಮಾನ್ಯ. ಎರಡನೇ ದಿನವೂ ಮುಟ್ಟದಿದ್ರೆ ವೈದ್ಯರಿಗೆ ತಿಳಿಸಿ.

ತರಬೇತಿ ಕೇಳಿ ಬರೋರಿಗೆ "15 ದಿನದಲ್ಲಿ ಗ್ಯಾರಂಟಿ" ಅಂತ ಹೇಳಬೇಡಿ. ನಾಯಿ ನಿಮ್ಮ ಹತ್ರ ಕಲಿತದ್ದನ್ನು ಮನೇಲಿ ಮುಂದುವರಿಸದಿದ್ರೆ ವಾರದಲ್ಲಿ ಮರೆಯುತ್ತೆ. ನಾವು ಕೊನೆಯ ಎರಡು ದಿನ ಮಾಲೀಕರನ್ನೇ ಕರೆಸಿ ಕಲಿಸ್ತೀವಿ. ಶಾಕ್ ಬೆಲ್ಟ್, ಮುಳ್ಳು ಬೆಲ್ಟ್ ಬಳಸಲ್ಲ. ಜನರ ಮೇಲೆ ಎರಗುವ ನಾಯಿಯಾದ್ರೆ ಮೊದಲು ಪಶುವೈದ್ಯರ ಹತ್ರ ಕಳಿಸ್ತೀವಿ. ಎಷ್ಟೋ ಸಲ ಕಿವಿ ನೋವು, ಸೊಂಟ ನೋವೇ ಕೋಪಕ್ಕೆ ಕಾರಣ ಆಗಿರುತ್ತೆ.

ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. "ಲಸಿಕೆ ಹಾಕಿದ ನಾಯಿ ಅಲ್ವಾ" ಅಂತ ಮನೇಲಿ ತೀರ್ಮಾನ ಮಾಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. ದಿನಾ ನಾಯಿ ಮುಟ್ಟುವ ಮನೆಯವರೆಲ್ಲ ಮುಂಜಾಗ್ರತೆ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ.

ಲೆಕ್ಕ ಹೇಗೆ?

ಒಂದು ನಾಯಿ ಒಂದು ದಿನ ಇದ್ದರೆ ಒಂದು "ನಾಯಿ-ದಿನ" ಅಂತ ಎಣಿಸಿ. ನಮ್ಮ ದರ ದಿನಕ್ಕೆ 600 ರೂಪಾಯಿ. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ತಗೊಳ್ಳಲ್ಲ.

ಮೊದಲ ವರ್ಷ ಆದದ್ದು 110 ನಾಯಿ-ದಿನ, ಬಂದದ್ದು 66,000. ಬೇಲಿ, ಗೇಟು, ಶೆಡ್ಡಿಗೆ ಹಾಕಿದ್ದು 1,40,000. ಅಂದ್ರೆ ಆ ವರ್ಷ ಕೈಗೆ ಏನೂ ಉಳಿಯಲಿಲ್ಲ. ಮೂರನೇ ವರ್ಷ 400 ನಾಯಿ-ದಿನ ಆಯ್ತು:

ಆದಾಯ: 2,40,000
ಊಟ, ದಿನಕ್ಕೆ 120ರಂತೆ: 48,000
ಸ್ವಚ್ಛತೆ, ಔಷಧಿ: 15,000
ವೈದ್ಯರು: 10,000
ಓಡಾಟ, ಫೋನು: 14,000
ಬೇಲಿ, ಶೆಡ್ ಖರ್ಚು ಐದು ವರ್ಷಕ್ಕೆ ಹಂಚಿದ್ರೆ ಒಂದು ವರ್ಷದ ಪಾಲು: 28,000
ಉಳಿದದ್ದು: 1,25,000

ಇದು ಲಾಭ ಅಂತ ಖುಷಿಪಡೋಕೆ ಮುಂಚೆ ಮನೆಯವರ ದುಡಿಮೆ ಎಣಿಸಿ. ನಾಯಿ ಇದ್ದ ದಿನ ಸುಮಾರು 140. ದಿನಕ್ಕೆ ಎಲ್ಲರದ್ದೂ ಸೇರಿ ಆರು ಗಂಟೆ ಅಂದ್ರೆ 840 ಗಂಟೆ. ಗಂಟೆಗೆ 150 ರೂಪಾಯಿಗಿಂತ ಸ್ವಲ್ಪ ಕಮ್ಮಿ ಬಿತ್ತು. ಕೆಟ್ಟದ್ದಲ್ಲ, ಆದ್ರೆ ಹಬ್ಬದ ದಿನ ಊರೆಲ್ಲ ಹೊಸಬಟ್ಟೆ ಹಾಕಿಕೊಂಡಾಗ ನೀವು ನಾಯಿ ಹೇಲು ಎತ್ತುತ್ತಿರ್ತೀರಿ. ಮನೆಯವರೆಲ್ಲ ಇದಕ್ಕೆ ಒಪ್ಪಿದ್ದಾರಾ ಅಂತ ಮೊದಲೇ ಕೇಳಿ. ನಮ್ಮಮ್ಮನನ್ನು ಕೇಳದೆ ಶುರು ಮಾಡಿದ್ದು ನಾವು ಮಾಡಿದ ಇನ್ನೊಂದು ತಪ್ಪು. ಈಗ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬೋರ್ಡಿಂಗ್ ಬಂದ್. ಆ ವಾರ ಅಮ್ಮ ತವರಿಗೆ ಹೋಗ್ತಾರೆ.

ಕಾನೂನು ವಿಚಾರ

ಶೆಡ್ ಕಟ್ಟೋಕೆ ಮುಂಚೆ ಗ್ರಾಮ ಪಂಚಾಯಿತಿಯಲ್ಲಿ ಪರವಾನಗಿ ಬಗ್ಗೆ, ಕೃಷಿ ಜಮೀನನ್ನು ವ್ಯಾಪಾರಕ್ಕೆ ಬಳಸುವ ಬಗ್ಗೆ ವಿಚಾರಿಸಿ. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ. ಮರಿ ಮಾಡಿಸಿ ಮಾರುವ ಯೋಚನೆ ಇದ್ದರೆ ಅದು ಬೇರೆ ದಂಧೆ, 2017ರ ನಾಯಿ ತಳಿ ಸಂವರ್ಧನೆ ನಿಯಮಗಳ ಪ್ರಕಾರ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಕೂಡ ತಿಳಿದಿರಿ. ತೀರಾ ಗಿಡ್ಡ ಅಥವಾ ತೀರಾ ಭಾರದ ಚೈನಿನಲ್ಲಿ ಬಹಳ ಹೊತ್ತು ಕಟ್ಟಿಹಾಕೋದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೆ ಇರೋದು, ಎರಡೂ ಅಪರಾಧ. ಇದು ನಮ್ಮ ನಮ್ಮ ಮನೆಯ ಕಾವಲು ನಾಯಿಗೂ ಅನ್ವಯ.

ಶುರು ಮಾಡೋದಾದ್ರೆ ಹೀಗೆ ಮಾಡಿ. ಮೊದಲ ಆರು ತಿಂಗಳು ಬೇರೆ ನಾಯಿ ತರಬೇಡಿ. ನಿಮ್ಮ ಮನೆಯ ನಾಯಿಗೇ "ಬಾ" ಕಲಿಸಿ. ಹೊಲದ ಮಧ್ಯೆ, ಕೋಳಿ ಓಡಾಡ್ತಿರುವಾಗ, ಒಂದೇ ಕರೆಗೆ ಬರುತ್ತಾ ನೋಡಿ. ಬಂದರೆ ಬೇಲಿಗೆ ದುಡ್ಡು ಹಾಕಿ.

ಕರಿಯ ಈಗಲೂ ಇದೆ, ಮೂತಿ ಬೆಳ್ಳಗಾಗಿದೆ. ತಟ್ಟೆ ಇಡೋ ಜಾಗ ಬದಲಾಯಿಸಿದ್ವಿ, ಊಟ ಮಾಡುವಾಗ ಯಾರೂ ಹತ್ರ ಹೋಗಲ್ಲ. ದೂರದಿಂದ ಹೋಗ್ತಾ ಒಂದು ತುಂಡು ಮೊಟ್ಟೆ ಎಸೆದು ಹೋಗ್ತೀವಿ, ಮನುಷ್ಯ ಬಂದ್ರೆ ತಟ್ಟೆಗೆ ಏನೋ ಬೀಳುತ್ತೆ ಅಂತ ಗೊತ್ತಾಗಲಿ ಅಂತ. ಒಂದು ವರ್ಷ ಹಿಡೀತು. ಮೊನ್ನೆ ಅಪ್ಪ ಮರೆತು ತೀರಾ ಹತ್ರ ಹೋದಾಗ ಮೆಲ್ಲಗೆ ಗುರ್ ಅಂತು. ಅಪ್ಪ ನಿಂತರು, ಎರಡು ಹೆಜ್ಜೆ ಹಿಂದೆ ಸರಿದರು. "ಸರಿ ಕಣಪ್ಪ, ತಿನ್ನು" ಅಂದು ಹೋದರು.

ನಿಮ್ಮ ಮನೆಯ ನಾಯಿ ಊಟದ ಹೊತ್ತಿಗೆ ಗುರ್ ಅನ್ನುತ್ತಾ? ಕೋಲು ಹುಡುಕಬೇಡಿ. ಇವತ್ತು ಸಂಜೆಯಿಂದಲೇ ಮೊಟ್ಟೆ ತುಂಡಿನ ಪ್ರಯೋಗ ಶುರು ಮಾಡಿ, ಆದ್ರೆ ಮಕ್ಕಳನ್ನು ದೂರ ಇಟ್ಟುಕೊಂಡು. ನಾಯಿ ಸಾಕಿರುವ ಗೆಳೆಯರಿಗೂ ಈ ಲೇಖನ ಕಳಿಸಿ.